ಮೂಕಿ ಏಳದಂತೆ

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ. ಸೌದಿಯ ದಹ್ನಾ ಮರುಭೂಮಿಯ ಕೆಂಪು ಮರಳಿನಲ್ಲಿ ಎರಡು ರಾತ್ರಿ ಕಳೆದು ರಿಯಾದ್ ಹೆದ್ದಾರಿಯಲ್ಲಿ ದಮ್ಮಾಮಿನತ್ತ ಹೊರಟಿದ್ದೆವು. ಪಿಕಪ್ಪಿನ ಬೆನ್ನಿಗೆ 2,400 ಕಿಲೋ ತೂಗುವ ಕ್ಯಾರವಾನ್, ವೇಗ 95ರ ಆಸುಪಾಸು. ಎಡಗಡೆಯಿಂದ ಒಂದು ಬಸ್ಸು ದಾಟಿತು. ಕ್ಯಾರವಾನಿನ ಹಿಂಬದಿಯನ್ನು ಯಾರೋ ಬಲಕ್ಕೆ ದೂಡಿದಂತೆ, ಮರುಗಳಿಗೆ ಎಡಕ್ಕೆ ಜಗ್ಗಿದಂತೆ ಆಯಿತು. ಬಸ್ಸು ಮುಂದೆ ಹೋದರೂ ಓಲಾಟ ನಿಲ್ಲಲಿಲ್ಲ. ಒಂದೊಂದು ಸಲಕ್ಕೂ ಹಿಗ್ಗುತ್ತಾ ಹೋಗಿ, ಕನ್ನಡಿಯಲ್ಲಿ ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಕಾಣತೊಡಗಿತು. ಹಿಂದಿನ ಸೀಟಿನಲ್ಲಿ ಮಕ್ಕಳ ಮಾತು ನಿಂತುಹೋಯಿತು. ನನ್ನ ಕಾಲು ಬ್ರೇಕಿಗೆ ಹೋಗಲು ತವಕಿಸುತ್ತಿತ್ತು. ಹಾಗೆ ತುಳಿದಿದ್ದರೆ ಹಿಂದಿನ ಭಾರವೆಲ್ಲ ಮುಂದಕ್ಕೆ ನುಗ್ಗಿ ಪಿಕಪ್ಪನ್ನೇ ಮಡಚಿ ಹಾಕುತ್ತಿತ್ತು. ಆಕ್ಸಿಲರೇಟರ್ ಬಿಟ್ಟೆ. ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಲು ಹೋಗದೆ ನೇರವಾಗಿ ಹಿಡಿದೆ. ಡ್ಯಾಶ್‌ಬೋರ್ಡಿನಲ್ಲಿ ಟ್ರೇಲರಿನ ಬ್ರೇಕಿಗೆಂದೇ ಇರುವ ಗುಂಡಿಯನ್ನು ಮಾತ್ರ ಮೆಲ್ಲಗೆ ಒತ್ತಿದೆ. ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದಂತೆ ಕ್ಯಾರವಾನ್ ನೇರವಾಯಿತು.

ರಸ್ತೆಯ ಅಂಚಿಗೆ ನಿಲ್ಲಿಸಿ ಹಿಂಬಾಗಿಲು ತೆರೆದರೆ ಕಾರಣ ಎದುರಿಗೇ ಇತ್ತು: ಇಪ್ಪತ್ತು ಲೀಟರಿನ ಎಂಟು ತುಂಬಿದ ನೀರಿನ ಕ್ಯಾನುಗಳು. ಹೊರಡುವ ಅವಸರದಲ್ಲಿ ಕೈಗೆ ಸಿಕ್ಕ ಜಾಗದಲ್ಲಿ ತುಂಬಿದ್ದೆ.

ಮಳವಳ್ಳಿ ಸೀಮೆಯ ನಮ್ಮೂರಿನಲ್ಲಿ ಅಪ್ಪ ಗಾಡಿಗೆ ಕಬ್ಬು ಹೇರುವಾಗ ನಾನು ಕಂತೆ ಎತ್ತಿಕೊಡುತ್ತಿದ್ದೆ. "ಮೂಕಿ ಎದ್ದೀತು ಕಣೋ, ಮುಂದಕ್ಕೆ ಹಾಕು" ಎನ್ನುತ್ತಿದ್ದರು. ಹಿಂಭಾರವಾದರೆ ನೊಗ ಕಟ್ಟುವ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರ ಅತಿಯಾದರೆ ನೊಗದ ಕೆಳಗೆ ಹೆಗಲು ಹುಣ್ಣಾಗುತ್ತದೆ. ಹದವಾಗಿ ಹೇರಿದ ಗಾಡಿಯಲ್ಲಿ ನೊಗ ಹೆಗಲ ಮೇಲೆ ಇಷ್ಟೇ ಇಷ್ಟು ಕೂತಿರುತ್ತದೆ. ಪಿಕಪ್ಪಿಗೆ ಕ್ಯಾರವಾನ್ ಕಟ್ಟುವ ವಿದ್ಯೆಯ ತಿರುಳೂ ಇದೇ. ಅಮೆರಿಕದ ಮಾದರಿಯ ಟ್ರೇಲರಾದರೆ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಗುಂಡಿನ ಮೇಲೆ ಕೂರಬೇಕು. ನನ್ನ ಕ್ಯಾರವಾನಿಗೆ ಅದು 240ರಿಂದ 360 ಕಿಲೋ.

ಅಳೆಯುವುದು ಕಷ್ಟವಲ್ಲ. ಸ್ನಾನದ ಮನೆಯ ತಕ್ಕಡಿಯೊಂದು, ಗಟ್ಟಿ ಹಲಗೆಯೊಂದು ಸಾಕು. ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲಿನ ಪೈಪಿನ ಮೇಲೂ, ಅಲ್ಲಿಂದ 90 ಸೆಂಟಿಮೀಟರ್ ಆಚೆಗೆ ಇನ್ನೊಂದು ತುದಿಯನ್ನು ತಕ್ಕಡಿಯ ಮೇಲೂ ಇಟ್ಟು, ಪೈಪಿನಿಂದ 30 ಸೆಂಟಿಮೀಟರ್ ದೂರದಲ್ಲಿ ಕೊಂಡಿಗೆ ಕೂರುವ ಟ್ರೇಲರಿನ ಮೂತಿಯನ್ನು ಇಳಿಸಬೇಕು. ಹಲಗೆಯ ಭಾರ ಕಳೆದು ಉಳಿದದ್ದರ ಮೂರುಪಟ್ಟು ಮೂತಿಯ ಭಾರ. ಆ ಭಾನುವಾರ ಅಂಗಳದಲ್ಲಿ ಅದೇ ಕ್ಯಾನುಗಳನ್ನು ಅದೇ ಜಾಗದಲ್ಲಿಟ್ಟು ತೂಗಿದೆ: ತಕ್ಕಡಿ 62 ತೋರಿತು. ಅಂದರೆ 186 ಕಿಲೋ, ನೂರಕ್ಕೆ ಎಂಟೂ ಇಲ್ಲ. ಕ್ಯಾನುಗಳು ಅಚ್ಚಿನಿಂದ ಎರಡೂವರೆ ಮೀಟರ್ ಹಿಂದಿದ್ದವು, ಕೊಂಡಿ ಐದು ಮೀಟರ್ ಮುಂದೆ. ಆ 160 ಕಿಲೋ ನೀರು ಮೂತಿಯಿಂದ 80 ಕಿಲೋ ಎತ್ತಿಬಿಟ್ಟಿತ್ತು. ಕ್ಯಾನುಗಳನ್ನು ಅಚ್ಚಿನ ಮೇಲಕ್ಕೆ ಸರಿಸಿದೆ. ತಕ್ಕಡಿ 89ಕ್ಕೆ ಏರಿತು.

ಎಷ್ಟು ಟನ್ ಎಳೆಯಬಲ್ಲದು ಎಂಬ ಲೆಕ್ಕ ನೋಡಿ ಪಿಕಪ್ ಕೊಳ್ಳುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಎಳೆಯುವ ಶಕ್ತಿ ತೀರುವುದಕ್ಕೆ ಎಷ್ಟೋ ಮುಂಚೆ ಹೊರುವ ಶಕ್ತಿ ತೀರಿಹೋಗುತ್ತದೆ. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯನ್ನು ಓದಿ. ಹೊರಬಲ್ಲ ಭಾರ 700 ಕಿಲೋ ಎಂದಿದ್ದರೆ, ಕೊಂಡಿಯ ಮೇಲಿನ ಮುನ್ನೂರೂ ಅದರೊಳಗೇ ಬರಬೇಕು. ಐದು ಜನರೆಂದರೆ ಮತ್ತೆ 350. ಉಳಿದ ಐವತ್ತರಲ್ಲಿ ಕೊಂಡಿಯ ಕಬ್ಬಿಣ, ಜನರೇಟರ್, ಐಸ್ ಪೆಟ್ಟಿಗೆ, ಬಿರಿಯಾನಿಯ ದೊಡ್ಡ ಪಾತ್ರೆ. ಕಶ್ತಾಕ್ಕೆ, ಅಂದರೆ ಚಳಿಗಾಲದ ಮರುಭೂಮಿ ವಾಸಕ್ಕೆ, ಹೊರಟ ಸಂಸಾರದಲ್ಲಿ ಇಷ್ಟಾದರೂ ಇರುತ್ತದೆ. ಪಿಕಪ್ಪಿನ ಹಿಂಬದಿ ಕುಸಿದರೆ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಭಾರ ಹಂಚುವ ಸ್ಪ್ರಿಂಗ್ ಸರಳುಗಳ ಕೊಂಡಿ ಹಾಕಿಸಿದರೆ ಒಂದಿಷ್ಟು ತೂಕ ಮುಂದಿನ ಅಚ್ಚಿಗೂ, ಇನ್ನೊಂದಿಷ್ಟು ಟ್ರೇಲರಿನ ಅಚ್ಚಿಗೂ ಸರಿಯುತ್ತದೆ. ಚೀಟಿಯಲ್ಲಿನ ಮಿತಿಯನ್ನು ಅದು ಹೆಚ್ಚಿಸುವುದಿಲ್ಲ.

ಇಲ್ಲಿನ ರಸ್ತೆಗಳಲ್ಲಿ ಅಮೆರಿಕದ ಕ್ಯಾರವಾನೂ ಇದೆ, ಯುರೋಪಿನದೂ ಇದೆ. ಅಮೆರಿಕದ ಸಾಮಾನ್ಯ ಗುಂಡು ಎರಡು ಅಂಗುಲ, ಅಂದರೆ 50.8 ಮಿಲಿಮೀಟರ್, ಯುರೋಪಿನದು 50. ಕಣ್ಣಿಗೆ ಎರಡೂ ಒಂದೇ. ಎರಡಂಗುಲದ ಬಾಯಿಗೆ 50ರ ಗುಂಡು ಸಡಿಲ, ಗುಂಡಿ ಬಿದ್ದ ದಾರಿಯಲ್ಲಿ ಕಳಚಿಕೊಳ್ಳಲು ಅಷ್ಟು ಸಾಕು. ಬ್ರೇಕೂ ಬೇರೆ: ಅಮೆರಿಕದ್ದು ಪಿಕಪ್ಪಿನಿಂದ ಬರುವ ವಿದ್ಯುತ್ತಿನಿಂದ ಹಿಡಿಯುತ್ತದೆ, ಯುರೋಪಿನದು ಟ್ರೇಲರ್ ಮುಂದಕ್ಕೆ ಒತ್ತಿದಾಗ ತಾನೇ ಹಿಡಿಯುತ್ತದೆ. ಅಂದರೆ ನನ್ನನ್ನು ಉಳಿಸಿದ ಗುಂಡಿ ಯುರೋಪಿನ ಕ್ಯಾರವಾನ್ ಎಳೆಯುವವರಿಗೆ ಇರುವುದಿಲ್ಲ. ಅವರು ಮೂತಿಯ ಭಾರದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ಸುರಕ್ಷಾ ಸರಪಳಿ ಎರಡಿದ್ದರೆ ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ. ಗುಂಡು ಕಳಚಿದರೂ ಮೂತಿ ನೆಲಕ್ಕೆ ನಾಟದೆ ಸರಪಳಿಯ ತೊಟ್ಟಿಲಿನಲ್ಲಿ ಕೂರುತ್ತದೆ.

ಟಯರಿನ ವಿಷಯದಲ್ಲಿ ಈ ನಾಡು ಬಹಳ ಮೋಸ ಮಾಡುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯಾರವಾನ್ ಬಿಸಿಲಿನಲ್ಲಿ ನಿಂತೇ ಇರುತ್ತದೆ. ಓಡದ ಟಯರಿನ ಹಲ್ಲು ಸವೆಯುವುದಿಲ್ಲ, ಹೊಸದರಂತೆ ಕಾಣುತ್ತದೆ. ಒಳಗೆ ರಬ್ಬರು ಒಣಗಿ ಸೀಳಿರುತ್ತದೆ. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಹುಡುಕಿ: 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ನಾನು ಹೆದ್ದಾರಿಗೆ ತರುವುದಿಲ್ಲ, ಹಲ್ಲು ಎಷ್ಟೇ ಇರಲಿ. ಟ್ರೇಲರಿಗೆಂದೇ ಮಾಡಿದ ಎಷ್ಟೋ ಟಯರುಗಳ ವೇಗಮಿತಿ ಗಂಟೆಗೆ ಸುಮಾರು 105 ಕಿಲೋಮೀಟರ್ ಮಾತ್ರ. 2018ರಿಂದ ಇಲ್ಲಿನ ಕೆಲವು ಹೆದ್ದಾರಿಗಳಲ್ಲಿ ಕಾರುಗಳಿಗೆ 140ರವರೆಗೆ ಅವಕಾಶವಿದೆ. ಆ ಫಲಕ ನಮಗಲ್ಲ. ಆ ಸಂಜೆಯ ನಂತರ ನಾನು 80 ದಾಟುವುದಿಲ್ಲ. ಬಲಗಡೆಯ ಸಾಲಿನಲ್ಲಿ ಲಾರಿಗಳ ಜೊತೆ ಹೋಗುತ್ತೇನೆ. ಉತ್ತರದಿಂದ ಶಮಾಲ್ ಗಾಳಿ ಎದ್ದು ಮರಳು ರಸ್ತೆಯ ಮೇಲೆ ಹಾವಿನಂತೆ ಹರಿಯತೊಡಗಿದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕರಕ್ ಚಹಾ ಕುಡಿಯುತ್ತೇನೆ. ಕ್ಯಾರವಾನಿನ ಮಗ್ಗುಲೆಂದರೆ ಗಾಳಿಗೆ ಬಿಚ್ಚಿದ ಹಾಯಿ.

ಹೆದ್ದಾರಿ ಬಿಟ್ಟ ಮೇಲೆ ಹಂಬಲ ಕಡಿಮೆ ಮಾಡಿಕೊಳ್ಳಬೇಕು. ಗಟ್ಟಿ ನೆಲ ಸಿಕ್ಕಲ್ಲಿ ಕ್ಯಾರವಾನ್ ನಿಲ್ಲಿಸಿ, ಮರಳ ದಿಬ್ಬಕ್ಕೆ ಪಿಕಪ್ ಒಂದನ್ನೇ ಒಯ್ಯಿರಿ. ದಮ್ಮಾಮ್, ಜುಬೈಲ್ ಕಡೆಯವರು ಮರಳಿಗಿಂತಲೂ ಸಬ್ಖಾಕ್ಕೆ ಹೆದರಬೇಕು. ಉಪ್ಪು ಹೆಪ್ಪುಗಟ್ಟಿದ ಆ ಬಯಲು ಒಣಗಿದ ಕೆರೆಯಂಗಳದಂತೆ ಗಟ್ಟಿಯಾಗಿ ಕಾಣುತ್ತದೆ. ಮೇಲಿನ ಹೊಪ್ಪಳೆ ಒಡೆದರೆ ಒಳಗೆಲ್ಲ ಕೆಸರು.

ಮುಂದಿನ ತಿಂಗಳು ತಾಯಿಫ್‌ಗೆ ಹೊರಟವರು ಕೆಲವರು ದಾರಿ ಕೇಳಿದ್ದಾರೆ. ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮಕ್ಕಾದ ಕಡೆಗೆ ಇಳಿಯುವ ಹದಾ ಘಾಟಿ ನೋಡಲು ಬಲು ಚೆಂದ. ಚಾರ್ಮಾಡಿ ಇಳಿದವರಿಗೆ ಆ ತಿರುವುಗಳ ಅಂದಾಜು ಸಿಕ್ಕೀತು. ಆದರೆ ಅಲ್ಲಿ ಲಾರಿಗಳನ್ನು ಬಿಡುವುದಿಲ್ಲ. ಅವು ಸೈಲ್ ಅಲ್ ಕಬೀರ್ ದಾರಿ ಹಿಡಿಯುತ್ತವೆ. ನೀವೂ ಅದನ್ನೇ ಹಿಡಿಯಿರಿ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕನ್ನು ಒತ್ತಿಹಿಡಿಯದೆ, ಆಗಾಗ ತುಳಿದು ಬಿಡುತ್ತಾ ತಣಿಯಲು ಸಮಯ ಕೊಡಿ. ಕೆಳಗೆ ತಲುಪಿದ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ನಡುಭಾಗದ ಬಳಿ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದರ ಬೇರಿಂಗಿಗೆ ಮರಳು ಹೊಕ್ಕಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಜೆದ್ದಾದವರೆಗೆ ಹೋಗಿ ನೋಡೋಣವೆನ್ನದೆ ಅಲ್ಲೇ ಜಾಕ್ ಇಳಿಸಿ.