ಕಡಿಯುವ ಮೊದಲೇ ಹುಡುಕಿಟ್ಟ ದಾರಿ

ಜೆಸಿಬಿ ರಸ್ತೆ ಅಗೆಯುತ್ತಾ ಫೈಬರ್ ಕೇಬಲ್ ತುಂಡರಿಸಿದರೂ ಎಷ್ಟೋ ಸಲ ನಮ್ಮ ಫೋನಿನ ಮಾತು ನಿಲ್ಲುವುದಿಲ್ಲ. ಇದನ್ನು ಸಾಧ್ಯವಾಗಿಸುವ ಜಾಣ್ಮೆಗಳಲ್ಲಿ ಫಾಸ್ಟ್ ರೀರೂಟ್ ಒಂದು. ಕೊಂಡಿ ಕಡಿದ ಸುದ್ದಿ ಎಲ್ಲ ರೂಟರ್‌ಗಳಿಗೂ ಮುಟ್ಟಿ, ಅವು ಹೊಸ ದಾರಿ ಲೆಕ್ಕ ಹಾಕುವಷ್ಟರಲ್ಲಿ ಸೆಕೆಂಡುಗಳೇ ಉರುಳಬಹುದು. ಫಾಸ್ಟ್ ರೀರೂಟ್ ಅಷ್ಟು ಕಾಯುವುದಿಲ್ಲ. ಎಲ್ಲವೂ ಸರಿಯಿರುವಾಗಲೇ ರೂಟರ್ ಬದಲಿ ದಾರಿಯೊಂದನ್ನು ಲೆಕ್ಕ ಹಾಕಿ ಇಟ್ಟುಕೊಂಡಿರುತ್ತದೆ. ಕೊಂಡಿ ಕಡಿದೊಡನೆ, ಯಾರನ್ನೂ ಕೇಳದೆ ಡೇಟಾವನ್ನು ಅತ್ತ ತಿರುಗಿಸುತ್ತದೆ. ಸಾಮಾನ್ಯವಾಗಿ 50 ಮಿಲಿಸೆಕೆಂಡಿನೊಳಗೆ ಮುಗಿಸುವ ಗುರಿ.

ಬದಲಿ ದಾರಿಯ ಆಯ್ಕೆಯಲ್ಲೂ ಎಚ್ಚರವಿದೆ. ಡೇಟಾವನ್ನು ಮರಳಿ ಇತ್ತಲೇ ತಳ್ಳುವ ನೆರೆಯ ರೂಟರ್‌ನಿಂದ ಪ್ರಯೋಜನವಿಲ್ಲ. ನೆರೆಯ ರೂಟರ್‌ನಿಂದ ವಿಳಾಸಕ್ಕಿರುವ ದೂರ, ನಮ್ಮ ರೂಟರ್ ಮೂಲಕ ಸುತ್ತಿ ಹೋಗುವ ದೂರಕ್ಕಿಂತ ಕಡಿಮೆಯಿರಲೇಬೇಕು. 2008ರ ಅಂತರ್ಜಾಲ ಮಾನದಂಡ ದಾಖಲೆ ಆರ್‌ಎಫ್‌ಸಿ 5286 ಈ ನಿಯಮವನ್ನು ಒಂದೇ ಸಾಲಿನ ಗಣಿತದಲ್ಲಿ ಹೇಳಿದೆ. ಕೆಟ್ಟ ಗಳಿಗೆಗೆ ಒಳ್ಳೆಯ ಗಳಿಗೆಯಲ್ಲೇ ಸಜ್ಜಾಗುವ ಈ ಮುಂದಾಲೋಚನೆಗೆ ನನ್ನ ಮನಸಾರೆ ಮೆಚ್ಚುಗೆ.