ಯಂತ್ರಗಾನವೂ ಸ್ವತ್ವವಿಚಾರವೂ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ತಂದೆಮಕ್ಕಳಿಬ್ಬರ ಆಳಿಕೆಯೊಳಗೆ ಎರಡು ಮಹಾಗ್ರಂಥಗಳು ಹುಟ್ಟಿದುವು. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ರಾಜನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ವನ್ನು ಮುಗಿಸಿದನು. ಮೊದಲನೆಯದು ಸ್ವತ್ತು ಯಾರದೆಂಬುದನ್ನು ನಿರ್ಣಯಿಸುವ ಶಾಸ್ತ್ರ. ಎರಡನೆಯದು ತನ್ನ ನೂರು ಅಧ್ಯಾಯಗಳ ನಡುವೆ ಗೀತ, ವಾದ್ಯ, ನೃತ್ಯಗಳಿಗೂ ಸ್ಥಾನವಿತ್ತ ಸಂಗ್ರಹ. ಹಾಡು ಯಾರ ಸ್ವತ್ತು ಎಂಬ ಪ್ರಶ್ನೆಯು ಈ ಎರಡು ಶಾಸ್ತ್ರಗಳೂ ಕೂಡುವ ಎಡೆಯಲ್ಲಿ ನಿಂತಿರುವುದು. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ಸಂಗೀತವನ್ನು ಚಲಚ್ಚಿತ್ರ, ದೂರದರ್ಶನ, ಜಾಹೀರಾತುಗಳಿಗೆ ಪರವಾನಗಿಯ ಮೇಲೆ ಕೊಡುವ ವ್ಯಾಪಾರವು ಈಗ ಬೆಳೆಯುತ್ತಿರುವುದರಿಂದ, ಆ ಪ್ರಶ್ನೆಯನ್ನು ಮತ್ತೆ ವಿಮರ್ಶಿಸುವುದು ಅವಶ್ಯವಾಗಿದೆ.

ವಿಷಯವು ಕನ್ನಡಕ್ಕೆ ದೂರದ್ದಲ್ಲ. 2025ರಲ್ಲಿ ತೆರೆಗೆ ಬಂದ ‘ಲವ್ ಯೂ’ ಎಂಬ ಕನ್ನಡ ಚಿತ್ರದ ದೃಶ್ಯ, ಧ್ವನಿ, ಹಾಡುಗಳೆಲ್ಲವೂ ಕೃತಕ ಬುದ್ಧಿಮತ್ತೆಯಿಂದ ಆದುವೆಂದೂ, ವೆಚ್ಚವು ಸುಮಾರು 10 ಲಕ್ಷ ರೂಪಾಯಿಗಳೆಂದೂ ಪತ್ರಿಕೆಗಳು ವರದಿಮಾಡಿದುವು. ಇಂಥ ಗಾನದ ಕ್ರಮವಾದರೂ ಹೀಗಿದೆ: ಅಸಂಖ್ಯಾತ ಧ್ವನಿಮುದ್ರಣಗಳನ್ನು ಗಣಕಯಂತ್ರಕ್ಕೆ ಉಣಿಸುವರು, ಯಾವ ನಾದದ ಹಿಂದೆ ಯಾವುದು ಬರುವುದೆಂಬುದನ್ನು ಅದು ಅಭ್ಯಾಸದಿಂದ ಹಿಡಿಯುವುದು, ಕೊಳಲು, ವಿಳಂಬಗತಿ, ಭಕ್ತಿಭಾವ ಎಂದು ನಾಲ್ಕು ಮಾತು ಬರೆದರೆ ಕೆಲವೇ ನಿಮಿಷಗಳಲ್ಲಿ ಹಾಡೊಂದನ್ನು ಕೊಡುವುದು. ನಿರ್ಮಾಪಕನಿಗೆ ಸಂಗೀತಗಾರರ ಸಂಭಾವನೆ ಉಳಿಯಿತು. ಕಂಪನಿಗೆ ಪರವಾನಗಿಯ ಹಣ ಬಂದಿತು.

ಇಲ್ಲಿ ಕರ್ತೃವು ಯಾರು? ದೇವಗಿರಿಯಲ್ಲಿ 13ನೆಯ ಶತಮಾನದಲ್ಲಿದ್ದ ಶಾರ್ಙ್ಗದೇವನು, ಸೋಮೇಶ್ವರನನ್ನೂ ತನ್ನ ಪೂರ್ವಾಚಾರ್ಯರಲ್ಲಿ ಎಣಿಸಿಕೊಂಡು, ಹಾಡಿನ ಮಾತನ್ನು ‘ಮಾತು’ ಎಂದೂ ನಾದರಚನೆಯನ್ನು ‘ಧಾತು’ ಎಂದೂ ಬೇರ್ಪಡಿಸಿದನು. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಪರರ ಧಾತುವಿಗೆ ಮಾತನ್ನು ಹೊಂದಿಸುವವನು ಕುಟ್ಟಿಕಾರ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಸಂಗೀತಕೃತಿಯೆಂಬ ಪದದ ಅರ್ಥದಿಂದ ಮಾತನ್ನು ಹೊರಗಿಟ್ಟಿರುವುದು. ಆದಕಾರಣ ವಚನವೊಂದರ ಮಾತು 12ನೆಯ ಶತಮಾನದ್ದಾಗಿ ಸರ್ವರಿಗೂ ಸೇರಿದ್ದರೂ, ಇಂದು ಅದಕ್ಕೆ ಒಬ್ಬನು ಕಟ್ಟಿದ ಧಾತುವು ಅವನ ಜೀವಿತಕಾಲವೂ ಅದರ ಮೇಲೆ 60 ವರ್ಷವೂ ರಕ್ಷಿತವಾಗಿರುವುದು. ಇಷ್ಟರ ಮಟ್ಟಿಗೆ ಶಾಸ್ತ್ರಕ್ಕೂ ಕಾಯಿದೆಗೂ ವಿರೋಧವಿಲ್ಲ.

ತೊಡಕು ಮುಂದಿದೆ. ಗಣಕಯಂತ್ರದಿಂದ ಆದ ಕೃತಿಗೆ, ಅದು ಆಗುವಂತೆ ಮಾಡಿದ ವ್ಯಕ್ತಿಯೇ ಕರ್ತೃವೆಂದು 1994ರ ತಿದ್ದುಪಡಿಯು ಸೇರಿಸಿತು. ಆಗುವಂತೆ ಮಾಡಿದವನು ನಾಲ್ಕು ಮಾತು ಬರೆದವನೋ, ಯಂತ್ರವನ್ನು ಕಟ್ಟಿದವನೋ, ಯಾರ ಗಾನವನ್ನು ಉಣ್ಣದೆ ಯಂತ್ರವು ಮೂಕವಾಗಿರುತ್ತಿತ್ತೋ ಆ ಗಾಯಕನೋ? ಸೂತ್ರವು ಇದನ್ನು ಬಿಡಿಸಿ ಹೇಳುವುದಿಲ್ಲ. ಅಮೆರಿಕದಲ್ಲಿ 2025ರ ಮಾರ್ಚಿನಲ್ಲಿ, ಚಿತ್ರವೊಂದರ ವ್ಯಾಜ್ಯದಲ್ಲಿ, ಮನುಷ್ಯಕರ್ತೃವಿಲ್ಲದ ಕೃತಿಗೆ ಸ್ವಾಮ್ಯವಿಲ್ಲವೆಂದು ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು. ಯಾರದೂ ಅಲ್ಲದ ವಸ್ತುವಿಗೆ ಪರವಾನಗಿಯನ್ನು ಯಾರು ಕೊಡಬಲ್ಲರು? ಅದೇ ರಾಗವನ್ನು ನಾಳೆ ಇನ್ನೊಬ್ಬನು ತನ್ನ ಸಾಬೂನಿನ ಜಾಹೀರಾತಿಗೆ ಎತ್ತಿಕೊಂಡರೆ ತಡೆಯುವವರು ಯಾರು?

ಪೂರ್ವಪಕ್ಷವು ಹೀಗಿರಬಹುದು: ಶಿಷ್ಯನೂ ಕೇಳಿಯೇ ಕಲಿಯುವನು, ಅನುಕರಣವಿಲ್ಲದೆ ಗಾನವಿಲ್ಲ, ಯಂತ್ರವು ಕೇಳಿ ಕಲಿತರೆ ದೋಷವೇನು? ಇದು ಹಗುರವಾಗಿ ತಳ್ಳತಕ್ಕ ವಾದವಲ್ಲ. ಶಾರ್ಙ್ಗದೇವನೇ ಐದು ಬಗೆಯ ಗಾಯಕರಲ್ಲಿ ‘ಅನುಕಾರ’ನನ್ನು ಹೇಳಿರುವನು. ಆದರೆ ರಸಿಕ, ರಂಜಕ, ಭಾವಕರನ್ನೂ ಬೇರೆಯಾಗಿ ಹೇಳಿರುವನೆಂಬುದನ್ನು ಮರೆಯಬಾರದು. ಅನುಕರಣದಲ್ಲಿಯೇ ಗಾನವು ಮುಗಿಯುವುದಾದರೆ ಉಳಿದ ಹೆಸರುಗಳು ವ್ಯರ್ಥವಾಗುತ್ತಿದ್ದುವು. ಇದಲ್ಲದೆ ಶಿಷ್ಯನು ಗುರುವಿನ ಹೆಸರನ್ನು ಹೇಳುವನು. ಯಾರ ಪರಂಪರೆಯವನೆಂದು ಕೇಳಿದರೆ ಉತ್ತರ ಕೊಡುವನು. ಯಂತ್ರದ ಒಡೆಯನು ಆ ಉತ್ತರವನ್ನು ಕೊಡುವುದಿಲ್ಲ. ದೋಷವಿರುವುದು ಕಲಿತುದರಲ್ಲಿ ಅಲ್ಲ. ಕಲಿತ ಮೂಲವನ್ನು ಮರೆಸಿ ಮಾರುವುದರಲ್ಲಿ.

ಇಲ್ಲಿಯೇ ಕಲ್ಯಾಣದ ಗ್ರಂಥವು ಉಪಕಾರಕ್ಕೆ ಬರುವುದು. ಸ್ವತ್ವವು ಶಾಸ್ತ್ರವೊಂದರಿಂದಲೇ ತಿಳಿಯತಕ್ಕುದಲ್ಲ, ಅದು ಲೌಕಿಕವೆಂದು ವಿಜ್ಞಾನೇಶ್ವರನು ಸಾಧಿಸುವನು. ಶಾಸ್ತ್ರವನ್ನರಿಯದ ಗಡಿನಾಡಿನ ಜನರಲ್ಲಿಯೂ ಕೊಳ್ಳುವ ಮಾರುವ ವ್ಯವಹಾರವು ಕಾಣುವುದೆಂಬುದು ಅವನ ಯುಕ್ತಿ. ಆದಕಾರಣ ಕಾಯಿದೆಯ ಸೂತ್ರವು ಮೌನವಾಗಿದೆಯೆಂದ ಮಾತ್ರಕ್ಕೆ ಗಾಯಕನ ಸ್ವತ್ವವು ಇಲ್ಲವಾಗದು. ಇನ್ನು ಅಸ್ವಾಮಿವಿಕ್ರಯವೆಂಬ ವ್ಯವಹಾರಪದವನ್ನು ನೋಡತಕ್ಕದ್ದು. ಒಡೆಯನಲ್ಲದವನು ಮಾರಿದುದನ್ನು ಒಡೆಯನು ಮರಳಿ ಪಡೆಯಬಹುದು. ಕೊಂಡವನು ಮಾರಿದವನನ್ನು ತೋರಿಸಿದರೆ ಶುದ್ಧನಾಗುವನು. ಗುಟ್ಟಾಗಿ, ಹೀನಮೂಲ್ಯಕ್ಕೆ, ವೇಳೆಯಲ್ಲದ ವೇಳೆಯಲ್ಲಿ ಕೊಂಡವನು ದೋಷಿಯಾಗುವನು. ಇಂದಿನ ಪರವಾನಗಿಪತ್ರಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಬೆಲೆಯು ಅತ್ಯಲ್ಪ, ಮೂಲವು ಗುಟ್ಟು ಎಂದಾಗ ಕೊಳ್ಳುವ ನಿರ್ಮಾಪಕನು ಸಂಶಯಪಡುವುದೇ ನ್ಯಾಯ. ಹಸುವನ್ನು ಕದ್ದರೆ ಹಟ್ಟಿ ಬರಿದಾಗುವುದು, ಹಾಡನ್ನು ಕೇಳಿಕೊಂಡರೆ ಗಾಯಕನ ಕೊರಳು ಬರಿದಾಗುವುದೇ ಎಂದು ಆಕ್ಷೇಪಿಸಬಹುದು. ಕೊರಳು ಬರಿದಾಗದು, ದಿಟ. ಆದರೆ ಆ ಕೊರಳನ್ನು ಕರೆದು ಹಾಡಿಸುತ್ತಿದ್ದವರು ಕರೆಯುವುದನ್ನು ಬಿಡುವರು. ಬರಿದಾಗುವುದು ಒಲೆ.

ಈ ಸೀಮೆಗೆ ಹೆಸರಿನ ಬೆಲೆ ಹೊಸದಲ್ಲ. ವಚನಕಾರರು ಪ್ರತಿಯೊಂದು ವಚನಕ್ಕೂ ಅಂಕಿತವನ್ನಿಟ್ಟರು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಪುಸ್ತಕವನ್ನು 1998ರಲ್ಲಿ ಕರ್ನಾಟಕ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಒಂದು ಹೆಸರು ಪಲ್ಲಟವಾದರೆ ಜನಕ್ಕೆ ಎಷ್ಟು ನೋವಾಗುವುದೆಂಬುದಕ್ಕೆ ಇದು ಸಾಕ್ಷಿ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು; ಅವುಗಳಲ್ಲಿ ಮಾಣಿಕನೆಂಬ ಹೆಸರು ನಿಂತಿದೆ. ಇಂಥ ಪದಗಳನ್ನು ಹಾಡುವ ಭಜನಮಂಡಳಿಯೊಂದರ ಧ್ವನಿಯು ಯಂತ್ರದ ಹೊಟ್ಟೆ ಸೇರಿ ಧಾರಾವಾಹಿಯ ಶೀರ್ಷಿಕಾಗೀತವಾಗಿ ಹೊರಬಂದರೆ, ಅಂಕಿತವೂ ಅಳಿಯಿತು, ಹಾಡಿದವರ ಗುರುತೂ ಅಳಿಯಿತು.

ಹೀಗೆಂದು ಯಂತ್ರಗಾನವನ್ನು ನಿಷೇಧಿಸುವುದು ಯುಕ್ತವಲ್ಲ. ಜಾತ್ರೆಯ ಸಾಕ್ಷ್ಯಚಿತ್ರವೊಂದನ್ನು ತೆಗೆಯುವ ಬಡ ತರುಣನಿಗೆ ಹಾರ್ಮೋನಿಯಂ ತಬಲಗಳವರನ್ನು ಕರೆಸುವ ಶಕ್ತಿಯಿಲ್ಲದಿದ್ದರೆ ಅವನನ್ನು ಕಳ್ಳನೆನ್ನುವುದು ಕ್ರೌರ್ಯ. ಸರಿಯಾದ ದಾರಿಯೂ ಕಾಣದೆ ಇಲ್ಲ. 2024ರ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರಕ್ಕಾಗಿ ಎ. ಆರ್. ರೆಹಮಾನರು ತೀರಿಹೋದ ಇಬ್ಬರು ಗಾಯಕರ ಧ್ವನಿಯನ್ನು ಯಂತ್ರದಿಂದ ಮೂಡಿಸಿದಾಗ, ಅವರ ಕುಟುಂಬಗಳ ಅನುಮತಿಯನ್ನು ಪಡೆದು ಸಂಭಾವನೆಯನ್ನು ಕೊಟ್ಟುದಾಗಿ ತಿಳಿಸಿದರು. ಅದೇ ವರ್ಷ ಗಾಯಕ ಅರಿಜಿತ್ ಸಿಂಗರ ಧ್ವನಿಯನ್ನು ಅನುಮತಿಯಿಲ್ಲದೆ ಅನುಕರಿಸುವ ಯಂತ್ರಗಳನ್ನು ಮುಂಬಯಿ ಉಚ್ಚ ನ್ಯಾಯಾಲಯವು ತಡೆಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು, ಯಂತ್ರಕ್ಕೆ ಉಣಿಸುವ ಕೃತಿಗಳಿಗೆ ಕಡ್ಡಾಯ ಪರವಾನಗಿಯನ್ನೂ ಕರ್ತೃಗಳಿಗೆ ರಾಯಲ್ಟಿಯನ್ನೂ ಸೂಚಿಸಿತು. ಕೂಡಿ ದುಡಿದವರಲ್ಲಿ ತಾಳವನ್ನರಿತವನಿಗೆ ಒಂದೂವರೆ ಪಾಲು, ಗಾಯಕರಿಗೆ ಸಮಪಾಲು ಎಂದ ಬೃಹಸ್ಪತಿಯ ಮತಕ್ಕೆ ಇದು ಹತ್ತಿರವೇ. ಆದರೆ ಪಾಲು ಹಂಚಲು ಪಾಲುಗಾರರ ಹೆಸರು ಬೇಕು. ಯಾವ ಸಂಘದ ಪಟ್ಟಿಯಲ್ಲಿಯೂ ಇಲ್ಲದ ಭಜನಮಂಡಳಿಗೆ ಆ ಹಣವು ಮುಟ್ಟುವ ಬಗೆಯನ್ನು ಮೊದಲು ಕಾಣಬೇಕು.

ಆದಕಾರಣ ಸಿದ್ಧಾಂತವಿಷ್ಟು: ಯಂತ್ರಗಾನದ ಪರವಾನಗಿಪತ್ರವು ಮನುಷ್ಯನು ಮಾಡಿದ ಭಾಗವೆಷ್ಟೆಂಬುದನ್ನೂ, ಯಂತ್ರವು ಯಾವ ಗಾನಗಳಿಂದ ಕಲಿಯಿತೆಂಬುದನ್ನೂ, ಧ್ವನಿಯ ಒಡೆಯನ ಒಪ್ಪಿಗೆಯನ್ನೂ ಹೇಳಬೇಕು. ಇವು ಮೂರೂ ಇಲ್ಲದ ಪತ್ರವು, ಮಾರಿದವನನ್ನು ತೋರಿಸಲಾರದ ಕ್ರಯದಂತೆ, ಕೊಂಡವನನ್ನು ಕಾಪಾಡಲಾರದು. ವಚನಗಳನ್ನೂ ಪದಗಳನ್ನೂ ಪಾಠಹೇಳುವ ಉಪಾಧ್ಯಾಯರಿಗೂ ಇದರಲ್ಲಿ ಒಂದು ಕರ್ತವ್ಯವಿದೆ: ಅಂಕಿತವನ್ನು ವಿವರಿಸುವಾಗ, ಆ ವಚನವನ್ನು ಅಥವಾ ಪದವನ್ನು ಊರಿನಲ್ಲಿ ಇಂದು ಹಾಡುವವರ ಹೆಸರನ್ನೂ ಅವರ ಗುರುವಿನ ಹೆಸರನ್ನೂ ವಿದ್ಯಾರ್ಥಿಗಳಿಂದ ಬರೆಯಿಸಿಡತಕ್ಕದ್ದು. ನ್ಯಾಯಾಲಯವು ನಾಳೆ ಸಾಕ್ಷಿ ಕೇಳಿದರೆ ಆ ಪಟ್ಟಿಯೇ ಸಾಕ್ಷಿಯಾದೀತು.