ವೀರಗಲ್ಲು ಮತ್ತು ಯುದ್ಧಸ್ಮಾರಕ: ಒಂದು ವಿಮರ್ಶೆ

ಕಾಳಗದಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ನಮ್ಮ ವಿದ್ವಾಂಸರು ಈ ಕಲ್ಲುಗಳನ್ನು ಬಹುಮಟ್ಟಿಗೆ ಅರಸರ ಕಾಲನಿರ್ಣಯಕ್ಕೂ ವಂಶಾವಳಿಗೂ ಸಾಧನವಾಗಿ ಬಳಸಿದ್ದಾರೆ. ಅವು ಮೊದಲಿಗೆ ಸತ್ತವನ ಸ್ಮಾರಕಗಳೆಂಬ ಅಂಶವು ಹಿಂದೆ ಬಿದ್ದಿದೆ. ಆ ದೃಷ್ಟಿಯಿಂದ ಅವನ್ನು ನೋಡಿ, ಮೊದಲನೆಯ ಮಹಾಯುದ್ಧದ ಸ್ಮಾರಕಗಳೊಡನೆ ಹೋಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನವು 'ಬೆಂಗಳೂರು' ಎಂಬ ಹೆಸರಿನ ಪ್ರಾಚೀನ ಉಲ್ಲೇಖವೆಂದು ಪ್ರಸಿದ್ಧವಾಗಿದೆ. ಆದರೆ ಅದನ್ನು ಕೆತ್ತಿಸಿದವರಿಗೆ ನಗರದ ಚರಿತ್ರೆ ಬೇಕಾಗಿರಲಿಲ್ಲ. ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯು ಅಲ್ಲಿಯ ಕಾಳಗದಲ್ಲಿ ಸತ್ತನೆಂಬುದು ಉಳಿಯಬೇಕಾಗಿತ್ತು. ಕ್ರಿ.ಶ. 949–50ರ ಆತಕೂರಿನ ಶಾಸನವು ತಕ್ಕೋಲದ ಕದನವನ್ನೂ ರಾಷ್ಟ್ರಕೂಟ ಮೂರನೆಯ ಕೃಷ್ಣನ ಜಯವನ್ನೂ ತಿಳಿಸುತ್ತದೆ. ಆದರೂ ಆ ಕಲ್ಲು ನಿಂತದ್ದು ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ಬೇಟೆನಾಯಿಗಾಗಿ. ಆ ನಾಯಿಯ ಹೆಸರು, ಅದು ಸತ್ತ ಸ್ಥಳ, ಕಲ್ಲಿನ ಪೂಜೆಗೆ ಬಿಟ್ಟ ಭೂಮಿ, ಎಲ್ಲವೂ ಅದರಲ್ಲಿ ದಾಖಲಾಗಿವೆ.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಜೋಧಪುರ ಹಾಗೂ ಮೈಸೂರು ಸಂಸ್ಥಾನಗಳ ಅಶ್ವದಳಗಳು ಗೆದ್ದುಕೊಂಡವು. ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದವರಲ್ಲಿ ಮೈಸೂರಿನ ಸವಾರರಿದ್ದರು. ಜೋಧಪುರದ ಮೇಜರ್ ದಲಪತ್ ಸಿಂಗರು ಆ ದಿನ ಮಡಿದರು. ಅವರ ಕೀರ್ತಿ ಯೋಗ್ಯವಾದುದೇ. ದೆಹಲಿಯಲ್ಲಿ 1922ರಲ್ಲಿ ನಿಂತ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವುಂಟು. ಆದರೆ ಹೈಫಾವನ್ನು ಕುರಿತ ಬರಹಗಳಲ್ಲಿ ನಮಗೆ ಕಾಣುವುದು ಸಂಸ್ಥಾನದ ಹೆಸರು, ಪಟಾಲಮಿನ ಹೆಸರು. ಸಾಮಾನ್ಯ ಸವಾರನ ಹೆಸರೂ ಅವನ ಊರೂ ಕಾಣುವುದು ಅಪರೂಪ.

ಇದು ಮೈಸೂರಿಗೆ ಮಾತ್ರ ಸಂಬಂಧಿಸಿದ ದೋಷವಲ್ಲ. 1917ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವು ದರ್ಜೆ, ಜಾತಿ, ಮತಗಳ ಭೇದವಿಲ್ಲದೆ ಮಡಿದ ಪ್ರತಿಯೊಬ್ಬನನ್ನೂ ಹೆಸರಿನಿಂದ ಸ್ಮರಿಸುವುದೇ ತನ್ನ ತತ್ತ್ವವೆಂದು ಸಾರಿತು. ಆದರೂ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದಲ್ಲಿ ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಟಾಲಮಿನ ಮುಂದೆ ಬರಿಯ ಸಂಖ್ಯೆಯಾಗಿ ನಮೂದಿಸಲಾಯಿತು. ಅದೇ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯು, ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000 ಮಂದಿಯವರೆಗೂ, ಹೆಸರಿನಿಂದ ಸ್ಮರಿಸಲ್ಪಡಲಿಲ್ಲ ಅಥವಾ ಸ್ಮರಣೆಯನ್ನೇ ಪಡೆಯಲಿಲ್ಲವೆಂದು ಒಪ್ಪಿಕೊಂಡಿತು. ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕ ಹಾಗೂ ಈಜಿಪ್ಟಿನವರು. ಸಾವಿರ ವರ್ಷಗಳ ಹಿಂದೆ ನಮ್ಮಲ್ಲಿ ಒಂದು ನಾಯಿಗೆ ದೊರೆತ ಗೌರವವು ಈ ಮನುಷ್ಯರಿಗೆ ದೊರೆಯಲಿಲ್ಲ.

ವೀರಗಲ್ಲನ್ನು ಅತಿಯಾಗಿ ಹೊಗಳುತ್ತಿದ್ದೇನೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಸತ್ತವರೆಲ್ಲರಿಗೂ ಕಲ್ಲು ನಿಲ್ಲಲಿಲ್ಲ. ಒಡೆಯನೋ ಬಂಧುಗಳೋ ಇದ್ದವನಿಗೆ ನಿಂತಿತು. ಎಷ್ಟೋ ಕಲ್ಲುಗಳಲ್ಲಿ ಶಿಲ್ಪವಿದೆ, ಬರಹವಿಲ್ಲ. ಎಲ್ಲರನ್ನೂ ಸಮನಾಗಿ ಸ್ಮರಿಸಬೇಕೆಂಬ ತತ್ತ್ವವು ಆಧುನಿಕ ಕಾಲದ ಕೊಡುಗೆಯೆಂಬುದನ್ನು ಒಪ್ಪಲೇಬೇಕು. ದೆಹಲಿಯಲ್ಲಿ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕವು ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಆ ತತ್ತ್ವವನ್ನು ಪಾಲಿಸಿದೆ. ಆದರೆ ವೀರಗಲ್ಲಿಗೆ ಬೇರೊಂದು ಗುಣವಿದೆ: ಅದು ಸತ್ತವನನ್ನು ಅವನ ನೆಲಕ್ಕೂ ಜನಕ್ಕೂ ಕೂಡಿಸಿ ಹೇಳುತ್ತದೆ. ಹೆಸರಿನೊಡನೆ ಊರೂ ಸೇರಿದಾಗಲೇ ಸ್ಮರಣೆ ಪೂರ್ಣವಾಗುತ್ತದೆ.

ಇದು ಅಸಾಧ್ಯವಾದ ಕೆಲಸವೇನೂ ಅಲ್ಲ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದ, ಪಂಜಾಬಿನ ಸುಮಾರು 3,20,000 ಸೈನಿಕರ ಊರುವಾರು ದಾಖಲೆಗಳು 2021ರಿಂದ ಸಾರ್ವಜನಿಕರಿಗೆ ದೊರೆಯತೊಡಗಿವೆ. ಮೈಸೂರಿನ ಸವಾರರಿಗೂ ಇಂಥದೊಂದು ಪಟ್ಟಿ ಆಗಬೇಕು. ಸಂಸ್ಥಾನದ ಸೈನ್ಯಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನೂ ಮನೆಮನೆಗಳಲ್ಲಿ ಉಳಿದಿರಬಹುದಾದ ಪದಕ, ಪಿಂಚಣಿ ಪತ್ರ, ಭಾವಚಿತ್ರಗಳನ್ನೂ ಒಟ್ಟಿಗೆ ಪರಿಶೀಲಿಸತಕ್ಕದ್ದು. ಶಾಸನಗಳನ್ನರಸಿ ಹಳ್ಳಿಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಹಳೆಯ ಕಲ್ಲಿನ ಅಚ್ಚು ತೆಗೆದುಕೊಂಡ ಮೇಲೆ, 'ಈ ಊರಿನಿಂದ ದಂಡಿಗೆ ಹೋಗಿ ಬಾರದವರು ಯಾರು?' ಎಂದೂ ಒಂದು ಮಾತು ಕೇಳಲಿ. ಉತ್ತರವನ್ನು ಬಲ್ಲವರು ದಿನೇ ದಿನೇ ವಿರಳವಾಗುತ್ತಿದ್ದಾರೆ.